ಸುಣ್ಣದ ಕೆಳಗಿನ ಐದು ಬೆಳೆ

ಕಳೆದ ತಿಂಗಳು ಚಿಕ್ಕಬಳ್ಳಾಪುರದ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಗೋಡೆಗೆ ಮಾಲೀಕರು ಸುಣ್ಣ ಹೊಡೆಸಿದರು. ಬೀದಿಯೆಲ್ಲ ಬಣ್ಣ ಬಣ್ಣದ ಪೇಂಟು ಬಳಿಸುವ ಕಾಲದಲ್ಲಿ ಇವರೊಬ್ಬರು ಇನ್ನೂ ಸುಣ್ಣಕ್ಕೇ ಜೋತುಬಿದ್ದಿದ್ದಾರೆ. ಸಂಜೆ ಕೆಲಸ ಮುಗಿಸಿ ಬಂದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆನೋ ಇಲ್ಲವೋ, ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ಮೇಲಿನಿಂದ ನಮ್ಮೆಜಮಾನರು, "ಏನೇ, ಕಾಲು ಉಳುಕ್ತಾ?" ಎಂದು ಕೂಗಿದರು. ಇಲ್ಲ, ಬಂದೆ ಎಂದೆ. ಮಿಕ್ಕವರಿಗೆ ಸುಣ್ಣದ ವಾಸನೆ ಬಂದರೆ ಹಬ್ಬ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಶಿಡ್ಲಘಟ್ಟದ ಆ ಒಂದು ವರ್ಷ, ಜಂಗಮಕೋಟೆಯಿಂದಾಚೆ ಒಂದು ರೇಷ್ಮೆ ಹುಳು ಮನೆ, ಅದರ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಮುನಿರತ್ನಕ್ಕ. ಅವರಿಗೆ ನಾನು ಏನು ಮಾಡಿದೆ ಎಂಬುದನ್ನು ಆರು ವರ್ಷದಿಂದ ಮನೆಯವರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಆಗ ನನಗೆ ಇಪ್ಪತ್ತಾರು. ಚಿಂತಾಮಣಿಯ ಅಪ್ಪನ ಮನೆಯಿಂದ ಬೆಳಗ್ಗೆ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋಗುವುದು, ಸಂಜೆ ವಾಪಸ್ಸು ಬರುವುದು. ರೇಷ್ಮೆ ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ, ಅದರ ಮೇಲೆ ಎರಡು ಕೋಣೆಯ ನಮ್ಮ ಆಫೀಸು. ಸುತ್ತಲೂ ನೂಲು ತೆಗೆಯುವ ಮನೆಗಳು. ಗೂಡು ಬೇಯುವ ವಾಸನೆ ದಿನವಿಡೀ ಕಿಟಕಿಯಲ್ಲಿ ಕೂತಿರುತ್ತಿತ್ತು. ಮೊದಲ ವಾರ ಡಬ್ಬಿ ತೆರೆಯದೆ ವಾಪಸ್ಸು ಒಯ್ದೆ, ಆಮೇಲೆ ಅದೇ ವಾಸನೆಯಲ್ಲಿ ಕೂತು ಡಬ್ಬಿಯ ಚಿತ್ರಾನ್ನ ತಿನ್ನುವುದು ರೂಢಿಯಾಯಿತು. ಆಫೀಸಿನಲ್ಲಿ ಆ್ಯಪು ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ಅದರಿಂದ ನನಗೆ ಕೋಡು ಮೂಡಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷ ನಮಗೆ ಬಂದ ಕೆಲಸ ಒಂದು ರೇಷ್ಮೆ ಬೆಳೆಗಾರರ ಸಂಘದ್ದು. ಹನ್ನೆರಡು ಮಂದಿ ಹೆಂಗಸರಿಗೆ ಸಂಘದಿಂದಲೇ ಒಂದೊಂದು ಫೋನು ಕೊಟ್ಟಿದ್ದರು. ಹುಳು ಮನೆಯಲ್ಲಿ ದಿನದಿನ ಏನಾಯಿತು ಎಂಬುದನ್ನು ಅದರಲ್ಲಿ ಬರೆಯಬೇಕು. ಊರುಗಳಲ್ಲಿ ಸಿಗ್ನಲ್ಲಿಗೆ ಬರ. ಅದಕ್ಕೆ ಬರೆದದ್ದೆಲ್ಲ ಮೊದಲು ಫೋನಿನ ಒಳಗೇ ಒಂದು ಸಣ್ಣ ಡೇಟಾಬೇಸಿನಲ್ಲಿ ಉಳಿಯುವ ಹಾಗೆ ಆ್ಯಪು ಬರೆದೆ. ಸಿಗ್ನಲ್ ಸಿಕ್ಕ ಕಡೆ 'ಕಳಿಸು' ಒತ್ತಿದರೆ ಅದು ನಮ್ಮ ಸರ್ವರಿಗೆ ಬಂದು ಸೇರಬೇಕು. ಆಮೇಲೆ ಫೋನು ಒಡೆದರೂ ಹೋದರೂ ತೊಂದರೆಯಿಲ್ಲ. ಬರೆದದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ಹನ್ನೆರಡು ಮನೆಯಲ್ಲೂ ಹೇಳಿಕೊಂಡು ತಿರುಗಿದವಳು ನಾನೇ.

ಈ ಬರವಣಿಗೆಗೆ ಒಂದು ಕಾರಣವಿತ್ತು. ಮೊಟ್ಟೆಯೊಡೆದ ಹುಳು ಕೂದಲೆಳೆಯಷ್ಟು ಸಣ್ಣಗಿರುತ್ತದೆ. ಮೊದಲ ಹತ್ತು ದಿನ ಅದನ್ನು ಒಂದೇ ಕಡೆ ಜೋಪಾನವಾಗಿ ಸಾಕಿ ಆಮೇಲೆ ಊರಿನ ರೈತರಿಗೆ ಹಂಚುವ ಜಾಗಕ್ಕೆ ಚಾಕಿ ಕೇಂದ್ರ ಎನ್ನುತ್ತಾರೆ. ಅಲ್ಲಿ ಸಾಕುವವರ ಕೈ ಕೆಟ್ಟರೆ ಇಡೀ ಊರಿನ ಬೆಳೆ ಕೆಡುತ್ತದೆ. ಸಂಘ ಅಂಥದೊಂದು ಕೇಂದ್ರವನ್ನು ಒಬ್ಬ ಹೆಂಗಸಿನ ಕೈಗೆ ಕೊಡುವುದು, ಒಂದು ವರ್ಷದ ಬೆಳೆಗಳ ದಾಖಲೆ ನೋಡಿ ಆರಿಸುವುದು ಎಂದು ತೀರ್ಮಾನವಾಗಿತ್ತು.

ಸಂಕ್ರಾಂತಿ ಕಳೆದು ಎರಡೂವರೆ ವಾರಕ್ಕೆ ಮುನಿರತ್ನಕ್ಕನ ಊರಿಗೆ ಮೊದಲು ಹೋದೆ. ಜಂಗಮಕೋಟೆ ಕ್ರಾಸಿನಲ್ಲಿ ಇಳಿದು ಶೇರ್ ಆಟೊ, ಅದು ಬಿಟ್ಟ ಮೇಲೆ ಹಿಪ್ಪುನೇರಳೆ ತೋಟಗಳ ನಡುವೆ ಕಾಲುದಾರಿ. ಅವರ ಮನೆ ಊರಿನ ಆಚೆ ಬೀದಿಯಲ್ಲಿ. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅವರ ಹತ್ತನೇ ಕ್ಲಾಸಿನ ಫೋಟೊ. ಮೂವತ್ತೈದರ ಆಸುಪಾಸಿನ ಹೆಂಗಸು, ಗಟ್ಟಿ ದನಿ. ನನ್ನನ್ನು ಹುಳು ಮನೆಯ ಬಾಗಿಲಲ್ಲೇ ತಡೆದು, "ಕಾಲು ತೊಳ್ಕಂಡು ಬನ್ನಿ ಮೇಡಂ. ನೀವು ದೊಡ್ಡೋರಾದ್ರೂ ನಮ್ಮ ಹುಳುಗೆ ಗೊತ್ತಾಗಲ್ಲ" ಎಂದರು.

ಒಳಗೆ ಹೋದರೆ ಬಾಗಿಲ ಪಕ್ಕದ ಗೋಡೆಯ ತುಂಬ ಇದ್ದಿಲಿನಲ್ಲಿ ಬರೆದ ಸಾಲುಗಳು. ಒಂದನೇ ಜ್ವರ ಮಂಗಳವಾರ, ಎರಡನೇ ಜ್ವರ ಶುಕ್ರವಾರ ಬೆಳಗ್ಗೆ, ಸೊಪ್ಪು ಇಷ್ಟು ಹೊರೆ, ಸತ್ತದ್ದು ಇಷ್ಟು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿಕೊಂಡು ಕೂತುಬಿಡುತ್ತದೆ. ಅದನ್ನೇ ಇಲ್ಲಿ ಜ್ವರ ಎನ್ನುವುದು. ಜ್ವರಕ್ಕೆ ಕೂತ ಗಂಟೆ, ಎದ್ದ ಗಂಟೆ ಸರಿಯಾಗಿ ಹಿಡಿದವರಿಗೇ ಬೆಳೆ ಒಲಿಯುವುದು. ಮುನಿರತ್ನಕ್ಕ ಅದನ್ನು ಮೊದಲು ಗೋಡೆಗೆ ಬರೆಯುತ್ತಿದ್ದರು, ಏಕೆಂದರೆ ಕೈಯಲ್ಲಿ ಸೊಪ್ಪಿನ ಹಸಿ ಇರುವಾಗ ಪುಸ್ತಕ ಹಿಡಿಯುವುದು ಕಷ್ಟ. ಗೂಡು ಮಾರಿದ ಮೇಲೆ ರೋಗ ಉಳಿಯದಿರಲಿ ಎಂದು ಹುಳು ಮನೆಯನ್ನು ತೊಳೆದು ಸುಣ್ಣ ಹೊಡೆಯುತ್ತಾರೆ. ಹೊಡೆಯುವ ಹಿಂದಿನ ದಿನ ಗೋಡೆಯಲ್ಲಿದ್ದದ್ದನ್ನೆಲ್ಲ ಅಕ್ಕ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಹನ್ನೊಂದು ವರ್ಷದ ನೋಟ್‌ಬುಕ್ಕುಗಳು ಟ್ರಂಕಿನಲ್ಲಿದ್ದವು.

ನಾನು ಆ ನೋಟ್‌ಬುಕ್ಕು ನೋಡಿ ನಕ್ಕೆ. "ಇನ್ಮೇಲೆ ಇದರ ಸಹವಾಸ ಬೇಡ ಅಕ್ಕ. ಗೋಡೆ ನೋಡಿ ಫೋನಿಗೆ ಹಾಕಿಬಿಡಿ. ಫೋನಲ್ಲೂ ಬರೆದು ಪುಸ್ತಕದಲ್ಲೂ ಬರೆಯೋದು ಯಾಕೆ?"

"ಇರ್ಲಿ ಬಿಡಿ ಮೇಡಂ, ಎರಡೂ ಕಡೆ ಇದ್ರೆ ಏನಾಯ್ತದೆ?"

"ಎರಡು ಕಡೆ ಬರೆದರೆ ಎರಡು ತರ ಆಗುತ್ತೆ. ಸಂಘದೋರು ಯಾವುದನ್ನ ನಂಬಬೇಕು? ಇದು ಕಂಪ್ಯೂಟರಿಗೆ ಹೋಗುತ್ತೆ, ಅಲ್ಲಿ ಅಳಿಸೋಕೇ ಬರಲ್ಲ."

ಬಾಗಿಲಲ್ಲಿ ಕೂತು ಸೊಪ್ಪು ಕತ್ತರಿಸುತ್ತಿದ್ದ ಅವರ ಅತ್ತೆ ತಲೆಯೆತ್ತಿ, "ಪುಸ್ತಕಂ ಒದಲೊದ್ದೇ ರತ್ನಾ" ಎಂದು ತೆಲುಗಿನಲ್ಲಿ ಹೇಳಿದರು. ಪುಸ್ತಕ ಬಿಡಬೇಡ ಕಣೇ ಎಂದು. ನನಗೆ ತೆಲುಗು ಚೆನ್ನಾಗಿ ಬರುತ್ತದೆ. ಬಾರದವಳ ಹಾಗೆ ಸುಮ್ಮನಿದ್ದೆ.

ಅಕ್ಕ ನನ್ನ ಮಾತು ಕೇಳಿದರು. ಕೇಳಲು ಅವರಿಗೆ ಇನ್ನೊಂದು ಕಾರಣವೂ ಇತ್ತು. ಆಚೆ ಬೀದಿಯ ಕೈಯಿಂದ ಊರಿನವರ ಮನೆಗೆಲ್ಲ ಹುಳು ಹೋಗುವುದು ಕೆಲವರಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಕೆಲಸ ಮಾಡ್ತಾಳೆ ನಿಜ, ಕೈ ಹೆಂಗೋ ಏನೋ" ಎನ್ನುತ್ತಿದ್ದರು. ಅಕ್ಕನಿಗೆ ಇದೆಲ್ಲ ಗೊತ್ತಿತ್ತು. ಒಂದು ದಿನ ರಾಗಿ ಮುದ್ದೆ, ಅವರೆಕಾಳು ಸಾರು ಬಡಿಸುತ್ತಾ, "ನಾನು ಬಾಯಲ್ಲಿ ಹೇಳಿದ್ರೆ ಅವರು ಬಾಯಲ್ಲೇ ಇಲ್ಲ ಅಂತಾರೆ. ಫೋನಲ್ಲಿ ಇದ್ರೆ ಏನಂತಾರೆ ಮೇಡಂ? ನೋಡಣ" ಎಂದರು. ಅವರು ಆ ಚಾಕಿ ಕೇಂದ್ರವನ್ನು ಎಷ್ಟು ಆಸೆಪಟ್ಟಿದ್ದರು ಎಂದರೆ, ಹಿತ್ತಿಲಿನಲ್ಲಿ ಅದಕ್ಕೆಂದೇ ಜಾಗ ಸಪಾಟು ಮಾಡಿ ಇಟ್ಟಿದ್ದರು.

ಆ ವರ್ಷ ಐದು ಬೆಳೆ ತೆಗೆದರು. ಬೇಸಿಗೆಯಲ್ಲಿ ಅಕ್ಕಪಕ್ಕದವರಿಗೆಲ್ಲ ಸಪ್ಪೆ ರೋಗ ಬಂದು ಹುಳು ನೀರಾಗಿ ಹೋದಾಗ ಅಕ್ಕ ಕಿಟಕಿಗೆಲ್ಲ ಹಸಿ ಗೋಣಿಚೀಲ ಕಟ್ಟಿ, ಗಂಟೆಗೊಂದು ಸಲ ನೀರು ಚಿಮುಕಿಸಿ ಬೆಳೆ ಉಳಿಸಿಕೊಂಡರು. ಮಳೆಗಾಲದಲ್ಲಿ ಸೊಪ್ಪನ್ನು ಒಂದೊಂದೇ ಕಡ್ಡಿ ಒರೆಸಿ ಹಾಕಿದರು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅವರು ಫೋನು ತೆಗೆದು, ಬರೆದದ್ದರಿಂದ ಆ್ಯಪು ಎಳೆಯುವ ಬೆಳೆಬೆಳೆಯ ಏರಿಳಿತದ ಗೆರೆಗಳನ್ನು ತೋರಿಸುತ್ತಿದ್ದರು. ನಾನು ನೋಡಿ, ಹನ್ನೆರಡು ಮಂದಿಯಲ್ಲಿ ನಿಮ್ಮದೇ ಅಚ್ಚುಕಟ್ಟು ಎನ್ನುತ್ತಿದ್ದೆ. ಆ ಗೆರೆಗಳು ಫೋನಿನ ಒಳಗಿನಿಂದ ಬರುತ್ತಿದ್ದವು. ಸರ್ವರಿನಲ್ಲಿ ಅವರ ಹೆಸರಿನ ಮುಂದೆ ಏನಿದೆ ಎಂದು ಇಡೀ ವರ್ಷದಲ್ಲಿ ಒಂದು ದಿನ ತೆಗೆದು ನೋಡಿದ್ದರೆ ಸಾಕಿತ್ತು. ನಾನು ನೋಡಲಿಲ್ಲ.

ಅಲ್ಲಿ ಏನೂ ಇರಲಿಲ್ಲ. ಏಕೆ ಎಂಬುದನ್ನೂ ಹೇಳಬೇಕು. ಶುರುವಿನಲ್ಲಿ 'ಕಳಿಸು' ಒತ್ತಿದರೆ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಹೆಂಗಸರು ಗಾಬರಿಬಿದ್ದು ದಿನಕ್ಕೆ ಹತ್ತು ಸಲ ನನಗೆ ಫೋನು ಮಾಡುತ್ತಿದ್ದರು. ನನಗೆ ಸಾಕಾಗಿ ಹೋಯಿತು. ಒಂದು ಉಪಾಯ ಮಾಡಿದೆ. ಒತ್ತಿದ ತಕ್ಷಣ ಹಸಿರು ಗುರುತು ಬರುವಂತೆ ಬದಲಾಯಿಸಿದೆ. ಬರೆದದ್ದು ಇನ್ನೂ ಫೋನಿನಲ್ಲೇ ಸರದಿಯಲ್ಲಿ ಕಾಯುತ್ತಿದ್ದರೂ ಮೇಲೆ ಮಾತ್ರ ಹಸಿರು. ಸಿಗ್ನಲ್ ಚೆನ್ನಾಗಿ ಸಿಕ್ಕಾಗ ತಾನೇ ಹೋಗುತ್ತದೆ ಬಿಡು ಎಂದುಕೊಂಡೆ. ಕರೆಗಳು ನಿಂತವು, ಆಫೀಸಿನಲ್ಲಿ ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಅಕ್ಕ ಪ್ರತಿ ಭಾನುವಾರ ಕೆರೆ ಏರಿಯ ಮೇಲೆ ನಿಂತು, ಫೋನು ಎತ್ತಿ ಹಿಡಿದು ಕಳಿಸು ಒತ್ತುತ್ತಿದ್ದರು. ಹಸಿರು ಕಂಡ ಮೇಲೆ ಮನೆಗೆ ಹೋಗುತ್ತಿದ್ದರು. ಬೇರೆ ಹನ್ನೊಂದು ಮಂದಿಗೆ ತಮ್ಮೂರಲ್ಲೇ ಎಲ್ಲಾದರೂ ಒಂದು ಕಡೆ ಗಟ್ಟಿ ಸಿಗ್ನಲ್ ಸಿಗುತ್ತಿತ್ತು, ಈ ಏರಿಯ ಮೇಲೆ ಸಿಗುತ್ತಿದ್ದದ್ದು ಹೆಸರಿಗೆ ಮಾತ್ರ. ಸಂಘದ ಫೋನು ಊರಾಚೆ ಒಯ್ಯಬಾರದು ಎಂಬ ಕಟ್ಟಪ್ಪಣೆ ಬೇರೆ. ಹೀಗಾಗಿ ಐದು ಬೆಳೆಯೂ ಫೋನಿನಲ್ಲೇ ಕೂತಿದ್ದವು.

ಡಿಸೆಂಬರಿನಲ್ಲಿ, ಆಯ್ಕೆಯ ಮೀಟಿಂಗಿಗೆ ಇನ್ನು ಒಂದು ವಾರ ಇರುವಾಗ, ಸಂಘದ ಅಧ್ಯಕ್ಷ ಆಂಜಿನಪ್ಪನವರು ಹುಳು ಮನೆಯ ತೇವಾಂಶ ಬರೆಯುವುದಕ್ಕೂ ಒಂದು ಕಲಂ ಬೇಕು ಎಂದರು. ಅರ್ಧ ದಿನದ ಕೆಲಸ. ಹೊಸ ಆ್ಯಪು ಮಾಡಿ, ನಾನೇ ಊರೂರು ಸುತ್ತಿ ಹನ್ನೆರಡು ಫೋನಿಗೂ ಹಾಕಿದೆ. ಬೇರೆ ಹನ್ನೊಂದು ಫೋನಿನಲ್ಲೂ ಹಳೆಯದೆಲ್ಲ ಬಂದು ನಿಂತಿತು. ಕೊನೆಯದು ಅಕ್ಕನದು. ಅವರ ಜಗಲಿಯ ಮೇಲೆ ಕೂತು ಹಾಕಿ, ತೆರೆದು ನೋಡಿದರೆ ಐದು ಬೆಳೆಯ ಜಾಗವೂ ಖಾಲಿ.

"ಸಿಗ್ನಲ್ ಇಲ್ಲವಲ್ಲ, ಅದಕ್ಕೆ. ಬರುತ್ತೆ" ಎಂದೆ.

ಕೆರೆ ಏರಿಗೆ ಹೋದೆವು. ಬರಲಿಲ್ಲ. ಅಪ್ಪಣೆ ಮುರಿದು ಫೋನು ಹಿಡಿದುಕೊಂಡು ಜಂಗಮಕೋಟೆ ಕ್ರಾಸಿಗೇ ಹೋದೆವು. ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಅಲ್ಲಿ ಸಿಗ್ನಲ್ಲು ತುಂಬಿ ತುಳುಕುತ್ತಿತ್ತು. 'ದಾಖಲೆ ಇಲ್ಲ' ಎಂದು ನಾನೇ ಬರೆದಿದ್ದ ಎರಡು ಪದ ಪರದೆಯ ಮೇಲೆ ಬಂದವು. ಅಕ್ಕ ಅದನ್ನು ಓದಿ ನನ್ನ ಮುಖ ನೋಡಿದರು.

"ಕಳಿಸು ಒತ್ತಿದ್ರಾ ಅಕ್ಕ?"

"ಒತ್ತಿದ್ದೆ ಮೇಡಂ. ಪ್ರತಿ ಭಾನುವಾರ."

"ಒತ್ತಿದ್ದರೆ ಬರಲೇಬೇಕಲ್ಲ."

"ಹಸಿರು ಬಂದಿತ್ತು ಮೇಡಂ."

"ಬಂದಿರಲಿಕ್ಕಿಲ್ಲ. ಸರಿಯಾಗಿ ನೋಡ್ಕೋಬೇಕಿತ್ತು ನೀವು."

ಆ ಗಳಿಗೆಯಲ್ಲಿ ನನಗೂ ನಿಜ ಗೊತ್ತಿರಲಿಲ್ಲ. ತಪ್ಪು ನನ್ನದಾಗಿರಲು ಸಾಧ್ಯವಿಲ್ಲ ಎಂಬ ಜಂಬ ಮಾತ್ರ ಇತ್ತು. ಅಕ್ಕ ಟೀ ಲೋಟ ಹಾಗೇ ಕೆಳಗಿಟ್ಟು, ತಮ್ಮ ಬಲಗೈ ಬೆರಳನ್ನು ಒಂದು ಸಲ ನೋಡಿಕೊಂಡರು.

ಆಫೀಸಿಗೆ ಬಂದು ನಾನು ಬರೆದ ಆ್ಯಪಿನ ಕೋಡು ತೆಗೆದೆ. ಹುಡುಕಲು ಕಾಲು ಗಂಟೆಯೂ ಬೇಕಾಗಲಿಲ್ಲ. ಡೇಟಾಬೇಸಿಗೆ ಹೊಸ ಕಲಂ ಸೇರಿದರೆ ಹಳೆಯದನ್ನು ಜೋಪಾನವಾಗಿ ಹೊಸದಕ್ಕೆ ಸಾಗಿಸುವ ಕೆಲಸವನ್ನು ಆ್ಯಪು ಬರೆದವರೇ ಮಾಡಬೇಕು. ನಾನು ಪರೀಕ್ಷೆಯ ಕಾಲದಲ್ಲಿ, ಬೇಗ ಮುಗಿಯಲಿ ಎಂದು, ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಕಟ್ಟು ಎಂದು ಒಂದು ಸಾಲು ಬರೆದಿದ್ದೆ. ಆಮೇಲೆ ತೆಗೆಯಬೇಕು ಎಂದು ಪಕ್ಕದಲ್ಲಿ ಗುರುತನ್ನೂ ಮಾಡಿದ್ದೆ. ತೆಗೆದಿರಲಿಲ್ಲ. ಹನ್ನೆರಡು ಫೋನಿನಲ್ಲೂ ಅದು ಎಲ್ಲವನ್ನೂ ಅಳಿಸಿತ್ತು. ಹನ್ನೊಂದಕ್ಕೆ ಸರ್ವರಿನಿಂದ ತಿರುಗಿ ಬಂತು. ಅಕ್ಕನದು ಸರ್ವರಿಗೆ ಬಂದೇ ಇರಲಿಲ್ಲ, ಬಂದಿದೆ ಎಂದು ಹಸಿರು ತೋರಿಸಿ ವರ್ಷವಿಡೀ ನಂಬಿಸಿದ್ದವಳು ನಾನು. ಅವರ ಜಗಲಿಯ ಮೇಲೆ ಕೂತು, ನನ್ನ ಕೈಯಾರೆ ಅಳಿಸಿ ಬಂದಿದ್ದೆ.

ಅಳಿಸಿದ ಡೇಟಾ ತೆಗೆಯಲು ಬರುತ್ತದೇನೋ ಎಂದು ಎರಡು ದಿನ ಒದ್ದಾಡಿದೆ. ಆಗಲಿಲ್ಲ. ಮೂರನೇ ದಿನ ಊರಿಗೆ ಹೋದೆ, ನಿಜ ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋದೆ. ಹುಳು ಮನೆಯಲ್ಲಿ ಹುಳು ಇರಲಿಲ್ಲ. ಐದನೇ ಬೆಳೆಯ ಗೂಡು ಮಾರಿ, ತೊಳೆದು ಸುಣ್ಣ ಹೊಡೆದು ಒಣಗಲು ಬಿಟ್ಟಿದ್ದರು. ಅಕ್ಕ ಬಾಗಿಲ ಪಕ್ಕದ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಚಮಚದ ಹಿಡಿಯಿಂದ ಸುಣ್ಣ ಕೆರೆಯುತ್ತಿದ್ದರು. ಒಂದು ಪದರ ಎದ್ದರೆ ಇನ್ನೊಂದು ಪದರ. ತಲೆಗೂದಲು, ಹುಬ್ಬು, ಸೆರಗು ಎಲ್ಲ ಬೆಳ್ಳಗಾಗಿತ್ತು. ಕೆರೆದ ಕಡೆಯಲ್ಲೆಲ್ಲ ಇದ್ದಿಲು ಸುಣ್ಣದ ಜೊತೆ ಕಲೆಸಿ ಬೂದಿ ಬಣ್ಣ ಬರುತ್ತಿತ್ತೇ ಹೊರತು ಒಂದು ಅಕ್ಷರವೂ ಕಾಣುತ್ತಿರಲಿಲ್ಲ.

"ಇಲ್ಲಿ ನೋಡಿ ಮೇಡಂ, ಇದು ಮೂರು ಅಲ್ವಾ? ಮೂರನೇ ಜ್ವರ ಅಂತ ಬರ್ದಿದ್ದು ಇಲ್ಲೇ."

ಬಗ್ಗಿ ನೋಡಿದೆ. ಒಂದು ಕಲೆ. "ಇರಬಹುದು ಅಕ್ಕ" ಎಂದೆ.

ಅತ್ತೆ ಹೊಸಿಲ ಮೇಲೆ ಕೂತು ಗೊಣಗುತ್ತಿದ್ದರು. "ಅವತ್ತೇ ಬಡ್ಕಂಡೆ, ಪುಸ್ತಕ ಬಿಡ್ಬ್ಯಾಡ ಅಂತ. ಫೋನು ಬಂದ್ಮ್ಯಾಕೆ ದೊಡ್ಡ ಆಫೀಸರ್ ಆಗ್ಬಿಟ್ಲು. ಒತ್ತದ್ನ ನೆಟ್ಟಗೆ ಒತ್ತಕ್ಕೆ ಬರಲ್ಲ ಇವಳಿಗೆ."

"ಬರಲಿಲ್ಲ ಕಣತ್ತೆ, ಏನ್ಮಾಡ್ಲಿ" ಎಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ನೀವು ಅಷ್ಟು ಚೆನ್ನಾಗಿ ಹೇಳ್ಕೊಟ್ರಿ. ನಾನೇ ಹಾಳ್ಮಾಡ್ಕಂಡೆ ಮೇಡಂ. ನಿಮಗೂ ಕೆಟ್ಟೆಸರು ಬರ್ತದೇನೋ" ಎಂದರು.

ಹೇಳಬೇಕಾದದ್ದು ಆಗಲೇ. ಹೇಳಲಿಲ್ಲ. ಮುಂದಿನ ವರ್ಷ ಚಿಂತಾಮಣಿ ತಾಲ್ಲೂಕಿಗೂ ಇದೇ ಆ್ಯಪು ಕೊಡುವ ಮಾತು ನಡೆದಿತ್ತು. ಬರೆದದ್ದನ್ನು ತಿಂದುಹಾಕುವ ಆ್ಯಪು ಎಂದು ಹೆಸರು ಬಂದರೆ ನನ್ನ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ದಿನ 'ನಮ್ಮ ಮೇಡಂ' ಎನ್ನಿಸಿಕೊಂಡವಳಿಗೆ ಅವರ ಕಣ್ಣಲ್ಲಿ ಇಳಿದುಹೋಗುವ ಧೈರ್ಯವಿರಲಿಲ್ಲ. ಸುಳ್ಳು ಹೇಳು ಎಂದು ನನಗೆ ಯಾರೂ ಹೇಳಲಿಲ್ಲ. ಅವರು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ಸಂಘಕ್ಕೆ ಕಳಿಸಿದ ವರದಿಯಲ್ಲಿ, ಮುನಿರತ್ನಮ್ಮನವರು ಮಾಹಿತಿ ಕಳಿಸಿರುವುದಿಲ್ಲ ಎಂದು ಒಂದು ಸಾಲು ಬರೆದೆ. ಸರ್ವರಿಗೆ ಬಂದಿಲ್ಲ ಎನ್ನುವುದು ನಿಜ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆಗೇಡು.

ಮೀಟಿಂಗು ನಡೆದದ್ದು ಹಾಲಿನ ಡೇರಿಯ ಕಟ್ಟಡದಲ್ಲಿ. ಕೊರೆಯುವ ಚಳಿ, ಹತ್ತು ಗಂಟೆಯಾದರೂ ಮಂಜು ಇಳಿದಿರಲಿಲ್ಲ. ಆಂಜಿನಪ್ಪನವರು ಲ್ಯಾಪ್‌ಟಾಪಿನಲ್ಲಿ ಒಬ್ಬೊಬ್ಬರ ಗೆರೆ ತೋರಿಸುತ್ತಾ ಬಂದು, ಅಕ್ಕನ ಹೆಸರು ಬಂದಾಗ, "ಇವರದು ಏನೂ ಬಂದಿಲ್ಲ" ಎಂದು ಮುಂದಕ್ಕೆ ಹೋದರು. ಅಕ್ಕ ಎದ್ದು ನಿಂತರು.

"ಅಧ್ಯಕ್ಷರೇ, ಫೋನಲ್ಲಿ ಹೋಗ್ಬಿಟ್ಟೈತೆ. ನನ್ನ ತಲೇಲಿ ಐತೆ, ಹೇಳ್ತೀನಿ. ಮೊದಲ್ನೇ ಬೆಳೆ ಹುಳು ತಂದಿದ್ದು ಸಂಕ್ರಾಂತಿ ಆದ ಎಂಟನೇ ದಿನ. ಮೂರನೇ ಜ್ವರಕ್ಕೆ ಬುಧವಾರ ಸಾಯಂಕಾಲ ಕೂತ್ವು, ಗುರುವಾರ ಸಾಯಂಕಾಲ ಎದ್ವು. ಚಳಿ ಇತ್ತು, ಕೆಂಡದ ಬಾಂಡ್ಲಿ ಇಟ್ಟಿದ್ದೆ. ಸತ್ತಿದ್ದು ಒಂದು ಮೊರ ತುಂಬಲಿಲ್ಲ. ಎರಡನೇ ಬೆಳೆ ಯುಗಾದಿ ಹಿಂದಿನ ವಾರ..."

ಯಾರೋ ಕಿಸಕ್ಕೆಂದರು. ಆಂಜಿನಪ್ಪನವರು ಕೈಯೆತ್ತಿ, "ಬಾಯಿ ಮಾತು ಬ್ಯಾಡಮ್ಮ. ಬಾಯಲ್ಲಿ ಯಾರು ಬೇಕಾದ್ರೂ ಹೇಳ್ಬೌದು. ಮೇಡಂ, ಇವರದು ಬಂದೈತೋ ಇಲ್ವೋ?" ಎಂದು ನನ್ನನ್ನು ಕೇಳಿದರು.

ಕೋಣೆಯವರೆಲ್ಲ ನನ್ನ ಕಡೆ ತಿರುಗಿದರು. ಅಕ್ಕನೂ ತಿರುಗಿದರು. ಆ ನೋಟದಲ್ಲಿ ಅನುಮಾನವಿರಲಿಲ್ಲ, ನಾನು ಏನಾದರೂ ಒಂದು ಒಳ್ಳೆಯ ಮಾತು ಆಡುತ್ತೇನೆ ಎಂಬ ಆಸೆ ಇತ್ತು. ಆ ಮುಖ ನನಗೆ ಈಗಲೂ ಅನ್ನ ಕಲೆಸುವಾಗ ಎದುರಿಗೆ ಬಂದುಬಿಡುತ್ತದೆ.

"ಬಂದಿಲ್ಲ ಸರ್" ಎಂದೆ.

ಚಾಕಿ ಕೇಂದ್ರ ಸಿಕ್ಕಿದ್ದು ಅಧ್ಯಕ್ಷರ ತಮ್ಮನ ಸೊಸೆಗೆ. ಆ ಹುಡುಗಿಯ ಬೆಳೆಯೂ ಕೆಟ್ಟದ್ದೇನಲ್ಲ, ಅವಳನ್ನು ದೂರುವುದಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಒಬ್ಬರು, "ಬಿಡಪ್ಪ, ಒಳ್ಳೇದೇ ಆಯ್ತು. ನಾಳೆ ಊರೋರು ಹುಳು ತಗಳಲ್ಲ ಅಂದಿದ್ರೆ ಫಜೀತಿ" ಎನ್ನುವುದು ಕೇಳಿಸಿತು. ಅಕ್ಕನಿಗೂ ಕೇಳಿಸಿರಬೇಕು. ಅವರು ತಲೆಯ ಮೇಲೆ ಸೆರಗು ಹೊದ್ದುಕೊಂಡು, ಮಂಜಿನಲ್ಲಿ ಬಿರಬಿರನೆ ನಡೆದು ಹೋದರು.

ಅದಾದ ಎರಡು ತಿಂಗಳಿಗೆ ನಾನು ಆ ಕೆಲಸ ಬಿಟ್ಟೆ. ಬಿಡುವ ಮುಂಚೆ ಆ್ಯಪಿನಲ್ಲಿದ್ದ ಆ ಅಳಿಸುವ ಸಾಲನ್ನು ತೆಗೆದೆ, ಹಸಿರು ಗುರುತನ್ನೂ ಸರಿ ಮಾಡಿದೆ. ಯಾರಿಗೂ ಗೊತ್ತಾಗದ ಹಾಗೆ. ಚಿಕ್ಕಬಳ್ಳಾಪುರದಲ್ಲಿ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಮದುವೆಯಾಯಿತು. ಪ್ರತಿ ವರ್ಷ ಹುಡುಗರಿಗೆ ಡೇಟಾಬೇಸಿನ ಆ ಪಾಠ ಮಾಡುತ್ತೇನೆ. ಹಳೆಯದನ್ನು ಅಳಿಸುವ ಸಾಲನ್ನು ಬೋರ್ಡಿನ ಮೇಲೆ ಬರೆದು, ಹೀಗೆ ಎಂದೂ ಮಾಡಬೇಡಿ ಎನ್ನುತ್ತೇನೆ. ಯಾರಾದರೂ ಮಾಡಿದ್ದಾರಾ ಮೇಡಂ ಎಂದು ಕೇಳಿದರೆ, ಕೇಳಿದ್ದೇನೆ ಎನ್ನುತ್ತೇನೆ. ಅಕ್ಕ ಮಾತ್ರ ಪ್ರತಿ ಯುಗಾದಿಗೆ ತಪ್ಪದೆ ಫೋನು ಮಾಡುತ್ತಿದ್ದರು. "ಚೆನ್ನಾಗಿದೀರಾ ಮೇಡಂ? ಈ ಕಡೆ ಬಂದ್ರೆ ಊಟಕ್ಕೆ ಬನ್ನಿ." ಎರಡು ವರ್ಷದ ಹಿಂದೆ ಅತ್ತೆ ಹೋದರೆಂದು ಹೇಳಿದಾಗಲೂ ನಾನು ಹೋಗಲಿಲ್ಲ.

ಮೆಟ್ಟಿಲಿಗೆ ಸುಣ್ಣ ಹೊಡೆದ ವಾರವೇ ಅವರ ಫೋನು ಬಂತು. ಸುತ್ತಲಿನ ಊರಿನ ಹೆಂಗಸರಿಗೆ ಹುಳು ಸಾಕುವುದರ ಬಗ್ಗೆ, ಫೋನಿನಲ್ಲಿ ಬರೆದಿಡುವುದರ ಬಗ್ಗೆ ಅವರೇ ಹೇಳಿಕೊಡುತ್ತಿದ್ದಾರಂತೆ. ಭಾನುವಾರ ತಮ್ಮ ಮನೆಯ ಮುಂದೆಯೇ ಇಪ್ಪತ್ತು ಜನ ಸೇರುತ್ತಾರಂತೆ. "ನನಗೆ ಕಲಿಸ್ದೋರು ನೀವು. ಬರ್ಲೇಬೇಕು" ಎಂದರು. ಈ ಸಲ ನೆಪ ಹೇಳಲಿಲ್ಲ. ನಮ್ಮೆಜಮಾನರಿಗೆ ರಾತ್ರಿ ಊಟದ ಹೊತ್ತಿಗೆ ಎಲ್ಲ ಹೇಳಿದೆ. ಅವರು ತಟ್ಟೆ ಪಕ್ಕಕ್ಕೆ ಸರಿಸಿ, "ನನಗೆ ಹೇಳಿ ಏನುಪಯೋಗ?" ಎಂದರು.

ಹೋದೆ. ಅಕ್ಕನ ಕೂದಲು ಮುಂದೆ ನರೆತಿತ್ತು, ದನಿ ಹಾಗೇ ಇತ್ತು. ಚಪ್ಪರದ ಕೆಳಗೆ ಜಮಖಾನ ಹಾಸಿ ಹೆಂಗಸರನ್ನು ಕೂರಿಸಿದ್ದರು. ನನಗೆ ಮಾತ್ರ ಕುರ್ಚಿ. ಜ್ವರ ಗುರುತಿಸುವುದು ಹೇಗೆ, ಸುಣ್ಣದ ಪುಡಿ ಯಾವಾಗ ಉದುರಿಸಬೇಕು, ಎಲ್ಲವನ್ನೂ ಅವರು ಹೇಳಿದ ರೀತಿ ನೋಡಿದರೆ ನಮ್ಮ ಕಾಲೇಜಿನಲ್ಲಿ ಅಷ್ಟು ಚೆನ್ನಾಗಿ ಪಾಠ ಹೇಳುವವರು ಇಲ್ಲ. ಆಮೇಲೆ ಫೋನು ಕೈಗೆತ್ತಿಕೊಂಡರು.

"ಕಳಿಸು ಅಂತ ಇರ್ತದೆ. ನೆಟ್ಟಗೆ ಒತ್ತಬೇಕು, ಹಸಿರು ಬಂತಾ ಅಂತ ಕಣ್ಣು ಬಿಟ್ಟು ನೋಡಬೇಕು ಕಣ್ರಮ್ಮ. ನನ್ನ ಕಥೆ ಕೇಳಿ. ನಾನು ಒತ್ತೀನಿ ಅಂದ್ಕಂಡಿದ್ದೆ, ಒತ್ತೇ ಇರಲಿಲ್ಲ. ಹಸಿರು ಬಂತು ಅಂದ್ಕಂಡಿದ್ದೆ, ಬಂದೇ ಇರಲಿಲ್ಲ. ಒಂದು ವರ್ಷದ ಬೆಳೆ ಎಲ್ಲ ಹೋಯ್ತು. ಕೈಗೆ ಬಂದ ಚಾಕಿ ಕೇಂದ್ರ ಹೋಯ್ತು. ಪಾಪ, ಈ ಮೇಡಂ ಅವತ್ತು ನನ್ನ ಒಂದು ಮಾತೂ ಬೈಲಿಲ್ಲ."

ಇಪ್ಪತ್ತು ಮುಖ ನನ್ನನ್ನು ಮೆಚ್ಚಿಗೆಯಿಂದ ನೋಡಿದವು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ನಿಂತೆ.

"ಅಕ್ಕ, ನೀವು ಒತ್ತಿದ್ರಿ. ಹಸಿರೂ ಬಂದಿತ್ತು. ಆ ಹಸಿರು ಸುಳ್ಳು, ಹಾಗೆ ಬರೆದಿದ್ದೋಳು ನಾನು. ನಿಮ್ಮ ಐದು ಬೆಳೆ ಫೋನಲ್ಲೇ ಇತ್ತು. ಹೊಸ ಆ್ಯಪು ಹಾಕುವಾಗ ಅದನ್ನ ಅಳಿಸಿದೋಳೂ ನಾನೇ. ನೀವು ಗೋಡೆ ಕೆರೀತಿದ್ದಾಗ ನನಗೆ ಗೊತ್ತಿತ್ತು. ಮೀಟಿಂಗಲ್ಲೂ ಗೊತ್ತಿತ್ತು. ಹೇಳಲಿಲ್ಲ."

ಅಕ್ಕ ಕೈಯಲ್ಲಿದ್ದ ಫೋನನ್ನು ಜಮಖಾನದ ಮೇಲೆ ಇಟ್ಟರು.

"ನಾನು ಒತ್ತಿದ್ದೆ" ಎಂದರು, ಕೇಳುವ ದನಿಯಲ್ಲಿ ಅಲ್ಲ.

"ಒತ್ತಿದ್ರಿ ಅಕ್ಕ."

"ಹಸಿರು ಬಂದಿತ್ತು."

"ಬಂದಿತ್ತು."

"ಅತ್ತೆ ಸಾಯೋಗಂಟ ಅಂತಿದ್ರು, ಇವಳಿಗೆ ಒಂದು ನೆಟ್ಟಗೆ ಬರಲ್ಲ ಅಂತ. ನಾನೂ ಹೌದು ಅನ್ಕಂಡೆ. ಆರು ವರ್ಷ ಮೇಡಂ. ಗ್ಯಾಸ್ ಆರ್ಸಿದ್ನಾ ಅಂತ ಎರಡು ಸಲ ನೋಡ್ತೀನಿ. ಹುಳು ಮನೆ ಚಿಲಕ ಹಾಕಿದ್ನಾ ಅಂತ ಎದ್ದು ಹೋಗಿ ಇನ್ನೊಂದು ಸಲ ಎಳೆದು ನೋಡ್ತೀನಿ. ಕಣ್ಣಾರೆ ಕಂಡಿದ್ನೂ ನಂಬಕ್ಕಾಗಲ್ಲ ನನಗೆ."

ಕ್ಷಮಿಸಿ ಎಂದೆ. ಆ ಮಾತನ್ನು ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೆಂಗಸರ ಕಡೆ ತಿರುಗಿ, "ನಾನು ಆಗ್ಲೇ ಹೇಳಿದ್ದು ಬಿಟ್ಬಿಡಿ. ಪುಸ್ತಕದಲ್ಲೂ ಬರ್ಕಳಿ" ಎಂದರು. ಆಮೇಲೆ ನನ್ನ ಎದುರಿಗೆ ಬಂದು ನಿಂತರು.

"ಇಲ್ಲಿ ಹೇಳಿದ್ರಿ, ಆಯ್ತು. ಇವರು ನಮ್ಮೋರು. ಅಲ್ಲಿ ಹೇಳ್ತೀರಾ? ಅವತ್ತು ಕೇಂದ್ರ ಸಿಕ್ತಲ್ಲ, ಅಧ್ಯಕ್ಷರ ತಮ್ಮನ ಸೊಸೆ, ಆ ಹುಡುಗಿಗೆ ಮಗು ಆಗೈತೆ, ಇನ್ನು ಕೇಂದ್ರ ಬ್ಯಾಡ ಅಂತಾವಳೆ. ಇನ್ನೊಬ್ಬರನ್ನ ಆರ್ಸಕ್ಕೆ ಬುಧವಾರ ಸಂಘದ ಮೀಟಿಂಗು, ಅದೇ ಡೇರಿ ಕಟ್ಟಡದಲ್ಲಿ, ಹತ್ತು ಗಂಟೆಗೆ. ಆಂಜಿನಪ್ಪನೋರೂ ಬರ್ತಾರೆ. ಅವತ್ತು ಎಲ್ಲರ ಮುಂದೆ ಬಂದಿಲ್ಲ ಅಂದ್ರಲ್ಲ, ಹಂಗೇ ಎಲ್ಲರ ಮುಂದೆ ಹೇಳಬೇಕು."

"ಬರ್ತೀನಿ ಅಕ್ಕ" ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು.

"ಇನ್ನೊಂದು ಸಲ ಹೇಳಿ" ಎಂದರು.